ಮೊದಲ ಟೆಸ್ಟ್ ಡೇಟಾ ಕನ್ನಡದ್ದಾಗಿರಲಿ





ಈ ಸಲ ಗಡಿ, ನೀರು, ಸಿನಿಮಾ ಯಾವುದರ ಬಗ್ಗೆಯೂ ಬರೆಯುತ್ತಿಲ್ಲ. ನಮ್ಮಲ್ಲಿ ಬಹಳಷ್ಟು ಜನ ದಿನವೂ ಮಾಡುವ ಒಂದು ಸಣ್ಣ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಆಫೀಸಿನಲ್ಲಿ ಒಂದು ಫೈಲು ಬರುತ್ತದೆ. ಅದರಲ್ಲಿರುವ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಬೇಕು, ಎರಡೆರಡು ಸಲ ಬಂದಿರುವುದನ್ನು ತೆಗೆಯಬೇಕು, ಉದ್ದವಾಗಿದ್ದರೆ ಕತ್ತರಿಸಬೇಕು, ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು, ಕೊನೆಗೆ ಇನ್ನೊಂದು ಫೈಲಿಗೆ ಬರೆಯಬೇಕು. ನಾವು ಪೈಥಾನ್ ತೆರೆದು ಹತ್ತು ಸಾಲು ಬರೆದು ಕಾಫಿ ಆರುವುದರೊಳಗೆ ಮುಗಿಸುತ್ತೇವೆ. ಪರ್ಲ್ ಕಾಲದವರು ಪರ್ಲಿನಲ್ಲಿ ಮಾಡುತ್ತಾರೆ, ರೂಬಿ ಇಷ್ಟಪಡುವವರು ರೂಬಿಯಲ್ಲಿ ಮಾಡುತ್ತಾರೆ. ಇದನ್ನು ಯಾರೂ ದೊಡ್ಡ ಪ್ರೋಗ್ರಾಮಿಂಗ್ ಎಂದು ಕರೆಯುವುದಿಲ್ಲ. ಮನೆಯ ಪಾತ್ರೆ ತೊಳೆದ ಹಾಗೆ, ದಿನಬಳಕೆಯ ಕೆಲಸ.

ಈ ದಿನಬಳಕೆಯ ಕೆಲಸವನ್ನೇ ನಾನು ನನ್ನ ಸ್ವಂತ ಭಾಷೆಯಲ್ಲಿ ಮಾಡಲು ಹೋಗಿ ನಗೆಪಾಟಲಿಗೀಡಾದೆ. ಆ ಕಥೆಯನ್ನು ಮೊದಲು ಹೇಳಿ, ಆಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ.

ಅರ್ಧವಾದ ಅಮ್ಮ

ನಾನಿರುವುದು ಜರ್ಮನಿಯಲ್ಲಿ. ಇಲ್ಲಿನ ನಮ್ಮ ಊರಿನ ಕನ್ನಡ ಬಳಗದಲ್ಲಿ ರಾಜ್ಯೋತ್ಸವಕ್ಕೆ ಬಂದವರ ಎದೆಗೆ ಹಚ್ಚುವ ಹೆಸರಿನ ಚೀಟಿ ಎಂದಿನಿಂದಲೂ ಇಂಗ್ಲಿಷಿನಲ್ಲೇ ಇತ್ತು. "ರಾಜ್ಯೋತ್ಸವದ ದಿನವಾದರೂ ನಮ್ಮ ಹೆಸರು ನಮ್ಮ ಲಿಪಿಯಲ್ಲಿ ಬೇಡವೇ?" ಎಂದು ಒಂದು ವರ್ಷ ಸಭೆಯಲ್ಲಿ ಜೋರಾಗಿ ಕೇಳಿದವನು ನಾನೇ. ಕೇಳಿದವನ ತಲೆಗೇ ಕೆಲಸ ಬಂತು. ಬರಲಿ, ಹತ್ತು ಸಾಲಿನ ಸ್ಕ್ರಿಪ್ಟ್ ತಾನೇ ಎಂದು ಒಪ್ಪಿಕೊಂಡೆ.

ಚೀಟಿ ಚಿಕ್ಕದು. ಹಳೆಯ ಇಂಗ್ಲಿಷ್ ಸ್ಕ್ರಿಪ್ಟಿನಲ್ಲಿ 12 ಅಕ್ಷರ ಮೀರಿದ ಹೆಸರನ್ನು ಕತ್ತರಿಸುವ ಒಂದು ಸಾಲು ಇತ್ತು. ಅದನ್ನು ಹಾಗೇ ಉಳಿಸಿಕೊಂಡೆ. ಕನ್ನಡದಲ್ಲಿ 12 ಅಕ್ಷರದ ಹೆಸರು ಯಾರಿಗಿರುತ್ತದೆ ಹೇಳಿ? ನನ್ನ ಹೆಸರು, ಹೆಂಡತಿಯ ಹೆಸರು, ಮಕ್ಕಳ ಹೆಸರು ಹಾಕಿ ನೋಡಿದೆ. ಎಲ್ಲ ಸರಿಯಾಗಿ ಬಂತು. ಇಡೀ ಪಟ್ಟಿಯನ್ನು ಪ್ರಿಂಟ್ ಮಾಡಿಬಿಟ್ಟೆ.

ಕಾರ್ಯಕ್ರಮದ ದಿನ ಊರಿನಿಂದ ಮಗನ ಮನೆಗೆ ಬಂದಿದ್ದ ಹಿರಿಯ ತಾಯಿಯೊಬ್ಬರು ತಮ್ಮ ಚೀಟಿಯನ್ನು ಕೈಯಲ್ಲಿ ಹಿಡಿದು ನನ್ನ ಬಳಿ ಬಂದರು. ಅವರ ನಿಜವಾದ ಹೆಸರು ಬೇರೆ, ಲೆಕ್ಕಕ್ಕಾಗಿ ಲಕ್ಷ್ಮೀದೇವಮ್ಮ ಎಂದಿಟ್ಟುಕೊಳ್ಳೋಣ. ಚೀಟಿಯಲ್ಲಿ "ಲಕ್ಷ್ಮೀದೇವಮ್" ಎಂದು ಇತ್ತು. "ಏನಪ್ಪಾ, ಅಮ್ಮನ್ನೇ ಅರ್ಧ ಮಾಡಿಬಿಟ್ಟಿದ್ದೀಯಲ್ಲ?" ಎಂದು ನಕ್ಕರು. ಸುತ್ತ ಇದ್ದವರೂ ನಕ್ಕರು. ನಾನೂ ನಕ್ಕೆ. ಆದರೆ ಆ ತಾಯಿ ಪೆನ್ನು ಕೇಳಿ ಪಡೆದು, ಕೊನೆಗೊಂದು ಮ ಒತ್ತನ್ನು ತಾವೇ ಬರೆದು ಎದೆಗೆ ಹಚ್ಚಿಕೊಂಡಾಗ ನನಗೆ ನಗು ಉಳಿಯಲಿಲ್ಲ. ಜರ್ಮನಿಗೆ ಬಂದು ಮೊದಲ ಸಲ ತಮ್ಮ ಹೆಸರನ್ನು ಕನ್ನಡದಲ್ಲಿ ನೋಡಿದ್ದರು ಅವರು. ಅದೂ ತಪ್ಪಾಗಿ, ಅದೂ ನನ್ನಿಂದ.

ಅದೇ ದಿನ ಇನ್ನೂ ಎರಡು ಎಡವಟ್ಟು ಕಂಡವು. ಚೀಟಿಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದ ನಿವೃತ್ತ ಶಿಕ್ಷಕರೊಬ್ಬರು "ಕಾಳಪ್ಪ ಬಂದಮೇಲೆ ಕಾವೇರಿ ಬರುತ್ತಾಳಾ? ಯಾವ ಶಾಲೆಯ ಅಕಾರಾದಿ ಇದು?" ಎಂದು ಕೇಳಿದರು. ಎರಡನೆಯದು, ಗೋಪಾಲ ಎಂಬ ಒಂದೇ ಹೆಸರಿಗೆ ಎರಡು ಚೀಟಿ ಬಂದಿತ್ತು. ನಕಲುಗಳನ್ನು ತೆಗೆಯುವ ಸಾಲು ಸ್ಕ್ರಿಪ್ಟಿನಲ್ಲಿ ಇದ್ದೇ ಇತ್ತು!

ಕಂಪ್ಯೂಟರಿಗೆ ಅಕ್ಷರ ಎಂದರೆ ಏನು?

ರಾತ್ರಿ ಮನೆಗೆ ಬಂದು ಕೂತು ನೋಡಿದೆ. ಪೈಥಾನಿಗೆ "ಲಕ್ಷ್ಮೀದೇವಮ್ಮ"ದ ಉದ್ದ ಎಷ್ಟು ಎಂದು ಕೇಳಿದರೆ 13 ಎನ್ನುತ್ತದೆ. ನಾವು ಬೆರಳು ಮಡಚಿ ಎಣಿಸಿದರೆ ಲ, ಕ್ಷ್ಮೀ, ದೇ, ವ, ಮ್ಮ ಎಂದು 5. ಈ 5ಕ್ಕೂ ಆ 13ಕ್ಕೂ ನಡುವಿನ ವ್ಯತ್ಯಾಸದಲ್ಲೇ ನನ್ನ ಮಾನ ಹೋದದ್ದು.

ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಇದೆ. 1991ರ ಮೊದಲ ಆವೃತ್ತಿಯಿಂದಲೇ ಇದೆ. ಆ ಬೀದಿಯಲ್ಲಿ ಸ್ವರಗಳಿಗೆ ಮನೆ ಇದೆ, ವ್ಯಂಜನಗಳಿಗೆ ಮನೆ ಇದೆ, ಗುಣಿತದ ಚಿಹ್ನೆಗಳಿಗೆ ಬೇರೆ ಮನೆ, ಹಲಂತಕ್ಕೆ ಬೇರೆ ಮನೆ. "ಮ್ಮ" ಎಂಬ ನಮ್ಮ ಒಂದು ಅಕ್ಷರ ಅಲ್ಲಿ ಮ, ಹಲಂತ, ಮ ಎಂದು ಮೂರು ಮನೆ. "ಕ್ಷ್ಮೀ" ಆರು ಮನೆ. ನನ್ನ ಸ್ಕ್ರಿಪ್ಟು 12 ಮನೆಗಳನ್ನು ಎಣಿಸಿ ಕತ್ತರಿ ಹಾಕಿತು. ಅದು ಮಾಡಿದ್ದು ಸರಿಯೇ. ಕೇಳಿದವನು ತಪ್ಪಾಗಿ ಕೇಳಿದ್ದ.

ಅಕಾರಾದಿಯದೂ ಇದೇ ಕಥೆ. ಪೈಥಾನ್ ಜೋಡಿಸುವುದು ಮನೆ ನಂಬರಿನ ಪ್ರಕಾರ. ಕನ್ನಡದ ಮಟ್ಟಿಗೆ ಇದು ಬಹುಪಾಲು ಸರಿಯಾಗಿಯೇ ಕೆಲಸ ಮಾಡುತ್ತದೆ, ಏಕೆಂದರೆ ಮನೆಗಳು ಹೆಚ್ಚುಕಡಿಮೆ ವರ್ಣಮಾಲೆಯ ಕ್ರಮದಲ್ಲೇ ಇವೆ. ಆದರೆ ಆ ಬೀದಿಯಲ್ಲಿ ಲ ಆದಮೇಲೆ ಳ ಬರುತ್ತದೆ, ಆಮೇಲೆ ವ, ಶ, ಷ, ಸ, ಹ. ನಮ್ಮ ಶಾಲೆಯ ವರ್ಣಮಾಲೆಯಲ್ಲಿ ಳ ಕಟ್ಟಕಡೆಗೆ ಬರುತ್ತದೆ, ಯ ರ ಲ ವ ಶ ಷ ಸ ಹ ಳ ಎಂದು ಹಾಡಿಕೊಂಡು ಕಲಿತದ್ದು ಮರೆಯುವುದುಂಟೇ? ಹೀಗಾಗಿ ಕಾವೇರಿ, ಕಾಶಿನಾಥ, ಕಾಳಪ್ಪ ಎಂದು ಬರಬೇಕಾದದ್ದು ಕಾಳಪ್ಪ, ಕಾವೇರಿ, ಕಾಶಿನಾಥ ಎಂದು ಬರುತ್ತದೆ. ಮೇಷ್ಟ್ರು ಹೇಳಿದ್ದೇ ಸರಿ.

ಇನ್ನು ಎರಡು ಗೋಪಾಲ. "ಗೋ" ಎಂಬುದನ್ನು ಎರಡು ಬಗೆಯಲ್ಲಿ ಬರೆದಿಡಬಹುದು. ಗ ಮತ್ತು ಓಕಾರದ ಚಿಹ್ನೆ ಎಂದು ಎರಡು ಮನೆ. ಇಲ್ಲವೇ ಗ, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ನಾಲ್ಕು ಮನೆ. ಪರದೆಯ ಮೇಲೆ ಎರಡೂ ಒಂದೇ. ಹೆಸರನ್ನು ಒಬ್ಬರು ಹೊಸದಾಗಿ ಟೈಪ್ ಮಾಡಿದ್ದರು, ಇನ್ನೊಂದು ನಮ್ಮ ಬಳಗದ ಹಳೆಯ ಫಾಂಟಿನ ಪಟ್ಟಿಯಿಂದ ಯೂನಿಕೋಡಿಗೆ ಬದಲಾಯಿಸಿ ತಂದದ್ದು. ಕಣ್ಣಿಗೆ ಒಂದೇ ಗೋಪಾಲ, ಪೈಥಾನಿಗೆ ಇಬ್ಬರು.

ಪಕ್ಕದ ಮೇಜಿನ ಪಾಠ

ಮರುದಿನ ಆಫೀಸಿನಲ್ಲಿ ಪಕ್ಕದ ಮೇಜಿನ ಜರ್ಮನ್ ಸಹೋದ್ಯೋಗಿಗೆ ಇದನ್ನು ಹೇಳಿಕೊಂಡೆ. ಆತನಿಗೆ ಆಶ್ಚರ್ಯವೇನೂ ಆಗಲಿಲ್ಲ. "ನೀನು ಯಾವ ಹೆಸರು ಹಾಕಿ ಟೆಸ್ಟ್ ಮಾಡಿದೆ?" ಎಂದು ಮಾತ್ರ ಕೇಳಿದ.

ಆತ ಯಾವ ಸ್ಕ್ರಿಪ್ಟ್ ಬರೆದರೂ ಮೊದಲು ಹಾಕುವ ಹೆಸರು ಮ್ಯೂಲರ್. ಅದರಲ್ಲಿ ತಲೆಯ ಮೇಲೆ ಎರಡು ಚುಕ್ಕಿ ಇರುವ ಯು ಇದೆ. ಎರಡನೆಯದು ಬೀದಿ ಎಂಬರ್ಥದ ಷ್ಟ್ರಾಸೆ. ಅದರಲ್ಲಿ ಎಸ್‌ತ್ಸೆಟ್ ಎಂಬ ಅವರದೇ ವಿಶೇಷ ಅಕ್ಷರ ಇದೆ. ಈ ಎರಡು ಪದ ದಾಟಿದರೆ ಮಾತ್ರ ಮುಂದಿನ ಮಾತು. ಚುಕ್ಕಿಯ ಯು ಕೂಡ ಎರಡು ಬಗೆಯಲ್ಲಿ ಬರೆದಿಡಬಹುದಾದದ್ದೇ, ಒಂದೇ ಮನೆಯಾಗಿ, ಇಲ್ಲವೇ ಯು ಮತ್ತು ಚುಕ್ಕಿ ಎಂದು ಎರಡು ಮನೆಯಾಗಿ. ನಮ್ಮ ಇಬ್ಬರು ಗೋಪಾಲರ ಹಾಗೆ ಅವರಲ್ಲೂ ಇಬ್ಬರು ಮ್ಯೂಲರ್! ಅದಕ್ಕೆ ಮದ್ದೂ ಪೈಥಾನಿನೊಳಗೇ ಇದೆ ಎಂದು ತೋರಿಸಿಕೊಟ್ಟವನು ಆತನೇ. ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲಿನಲ್ಲಿ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಎನ್‌ಎಫ್‌ಸಿ ಎಂದು ಹೇಳಿ ಕರೆದರೆ ಎಲ್ಲವನ್ನೂ ಒಂದೇ ರೂಪಕ್ಕೆ ತರುತ್ತದೆ. ಒಂದು ಸಾಲು. ಇಬ್ಬರು ಗೋಪಾಲರು ಒಬ್ಬನಾದರು.

ಎಸ್‌ತ್ಸೆಟ್‌ಗೆ ದೊಡ್ಡಕ್ಷರದಲ್ಲಿ ಸಾಂಪ್ರದಾಯಿಕವಾಗಿ ಬೇರೆ ರೂಪ ಇರಲಿಲ್ಲ, ಎರಡು ಎಸ್ ಬರೆಯುವುದು ರೂಢಿ. ಇಂದಿನ ಪೈಥಾನಿಗೆ ಷ್ಟ್ರಾಸೆಯನ್ನು ದೊಡ್ಡಕ್ಷರಕ್ಕೆ ಬದಲಾಯಿಸು ಎಂದರೆ ತಾನಾಗಿ ಎರಡು ಎಸ್ ಹಾಕುತ್ತದೆ. ಒಂದು ಭಾಷೆಯ ಒಂದೇ ಒಂದು ಅಕ್ಷರದ ಸಣ್ಣ ರೂಢಿ ಇಡೀ ಜಗತ್ತು ಬಳಸುವ ಒಂದು ಸಾಧನದೊಳಗೆ ಹೋಗಿ ಕೂತಿದೆ! ಇದು ಯಾರ ದಾನವೂ ಅಲ್ಲ. ಪ್ರತಿ ಸಲವೂ ತಮ್ಮ ಪದವನ್ನೇ ಮೊದಲು ಹಾಕಿ ನೋಡುವವರು ಇದ್ದರೆ, ತಪ್ಪಿದ್ದಲ್ಲಿ ತಪ್ಪಿದೆ ಎಂದು ಹೇಳುವವರು ಇದ್ದರೆ, ಆಗುವುದು ಹೀಗೆ.

ನಾವು ಏನು ಹಾಕುತ್ತೇವೆ? ಜಾನ್ ಸ್ಮಿತ್. ಟೆಸ್ಟ್ 123. ಬಹಳವೆಂದರೆ ಇಂಗ್ಲಿಷ್ ಅಕ್ಷರದಲ್ಲಿ ರಮೇಶ್. ನಮ್ಮ ಭಾಷೆಗೆ ನಾವೇ ಪರೀಕ್ಷೆ ಇಡದಿದ್ದರೆ ಇನ್ಯಾರು ಇಡಬೇಕು?

"ಕನ್ನಡ" ಎಂಬ ಪದವನ್ನೇ ನಂಬಬೇಡಿ

ಇಲ್ಲೊಂದು ತಮಾಷೆ ಇದೆ, ಕೇಳಿ. ನಾನೂ ಇದರಲ್ಲಿ ಬಿದ್ದವನೇ.

ಪದವನ್ನು ತಿರುಗಿಸಿ ಬರೆಯುವುದು ಪೈಥಾನ್ ಕಲಿಯುವವರ ಮೊದಲ ಆಟಗಳಲ್ಲಿ ಒಂದು. ಚೌಕ ಕಂಸದಲ್ಲಿ ಎರಡು ಕೋಲನ್ ಮತ್ತು ಮೈನಸ್ ಒಂದು ಹಾಕಿದರೆ ಮುಗಿಯಿತು. ಕನ್ನಡದಲ್ಲಿ ಪರೀಕ್ಷೆ ಮಾಡೋಣ ಎಂದು ನಮಗೆ ಮೊದಲು ಹೊಳೆಯುವ ಪದ ಯಾವುದು? "ಕನ್ನಡ"ವೇ. ಹಾಕಿ ನೋಡಿ. "ಡನ್ನಕ" ಎಂದು ಸರಿಯಾಗಿ ಬರುತ್ತದೆ. ಸರಿ, ಕನ್ನಡಕ್ಕೂ ಕೆಲಸ ಮಾಡುತ್ತದೆ ಎಂದು ಮುಂದೆ ಹೋಗುತ್ತೇವೆ. ಅಲ್ಲೇ ಮೋಸ. ಒಳಗಿರುವುದು ಕ, ನ, ಹಲಂತ, ನ, ಡ. ನಡುವಿನ "ನ್ನ" ಎಡದಿಂದ ನೋಡಿದರೂ ಬಲದಿಂದ ನೋಡಿದರೂ ನ, ಹಲಂತ, ನ. ಆದ್ದರಿಂದ ಅದೃಷ್ಟವಶಾತ್ ಸರಿಯಾಯಿತು.

ಈಗ "ಕರ್ನಾಟಕ" ಹಾಕಿ. "ಕಟರ್ನಾಕ" ಬರಬೇಕು. ಬರುವುದು "ಕಟಾನ್ರಕ". ಟಕಾರಕ್ಕೆ ದೀರ್ಘ ಹೋಗಿ ಅಂಟಿಕೊಂಡಿತು, ನಕಾರಕ್ಕೆ ರ ಒತ್ತು ಬಂತು. ಇನ್ನು "ವಿಕಟಕವಿ"ಯನ್ನು ಹಾಕಿ, ಇದು ಹಿಂದಿನಿಂದ ಓದಿದರೂ ಒಂದೇ ಆಗುತ್ತದೆಯೇ ಎಂದು ಕೇಳಿ. ಎರಡನೇ ತರಗತಿಯ ಮಗುವೂ ಹೌದು ಎನ್ನುತ್ತದೆ. ಪೈಥಾನ್ ಇಲ್ಲ ಎನ್ನುತ್ತದೆ! ಮೊದಲ ಅಕ್ಷರ ವಿ, ಆದರೆ ತಿರುಗಿಸಿದಾಗ ಮೊದಲು ಬರುವುದು ಗುಡಿಸಿನ ಚಿಹ್ನೆ, ಆಮೇಲೆ ವ.

ಪದಗಳನ್ನು ಎಣಿಸುವ ಕೆಲಸದಲ್ಲೂ ಹೀಗೇ. ನಮ್ಮ ಭಾನುವಾರದ ಕನ್ನಡ ತರಗತಿಗೆ ಪಾಠದಲ್ಲಿ ಹೆಚ್ಚು ಬರುವ ಪದಗಳ ಪಟ್ಟಿ ಬೇಕಿತ್ತು, ಮಕ್ಕಳಿಗೆ ಕಾರ್ಡ್ ಮಾಡಲು. ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಪದ ಹಿಡಿಯಲು ನಾವೆಲ್ಲ ಬಳಸುವುದು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ. ಪೈಥಾನ್ ಜೊತೆಗೇ ಬರುವ ಆರ್‌ಇ ಮಾಡ್ಯೂಲಿನಲ್ಲಿ ಇದು ಅಕ್ಷರ ಮತ್ತು ಅಂಕಿಗಳನ್ನು ಹಿಡಿಯುತ್ತದೆ, ಗುಣಿತದ ಚಿಹ್ನೆಗಳನ್ನು ಹಿಡಿಯುವುದಿಲ್ಲ. "ಮೈಸೂರು" ಕೊಟ್ಟರೆ ಮ, ಸ, ರ ಎಂದು ಮೂರು ತುಂಡು ವಾಪಸ್ ಬರುತ್ತದೆ. ಅದೇ ಪೈಥಾನ್ 3ರಲ್ಲಿ ಮೈಸೂರು ಎಂದು ಕನ್ನಡದಲ್ಲೇ ಒಂದು ವೇರಿಯಬಲ್‌ಗೆ ಹೆಸರಿಡಿ, ಏನೂ ತಕರಾರಿಲ್ಲದೆ ಒಂದೇ ಪದವೆಂದು ಒಪ್ಪಿಕೊಳ್ಳುತ್ತದೆ. ಒಂದೇ ಮನೆಯ ಒಂದು ಕೋಣೆಯಲ್ಲಿ ಮೈಸೂರು ಒಂದು, ಇನ್ನೊಂದು ಕೋಣೆಯಲ್ಲಿ ಮೂರು!

ಎಲ್ಲವೂ ಕೆಟ್ಟದ್ದೇ ಎಂದು ಹೇಳುತ್ತಿಲ್ಲ. "೨೦೦೮" ಎಂದು ಕನ್ನಡ ಅಂಕಿಯಲ್ಲಿ ಕೊಟ್ಟು ಇದನ್ನು ಸಂಖ್ಯೆ ಮಾಡು ಎಂದರೆ ಪೈಥಾನ್ ಸರಿಯಾಗಿ 2008 ಮಾಡಿಕೊಡುತ್ತದೆ. ಯಾವ ಲೈಬ್ರರಿಯೂ ಬೇಡ. ಏಕೆಂದರೆ ಈ ಚಿಹ್ನೆ ಅಂಕಿ, ಇದರ ಬೆಲೆ ಇಷ್ಟು ಎಂದು ಯೂನಿಕೋಡಿನ ಕೋಷ್ಟಕದಲ್ಲಿ ಯಾರೋ ಕೂತು ತುಂಬಿದ್ದಾರೆ. ಕೋಷ್ಟಕದಲ್ಲಿ ಸರಿಯಾಗಿ ತುಂಬಿದ್ದು ಎಲ್ಲೆಡೆ ಕೆಲಸ ಮಾಡುತ್ತದೆ. ತುಂಬದೆ ಬಿಟ್ಟದ್ದು ಎಲ್ಲೆಡೆ ಕೈಕೊಡುತ್ತದೆ. ಇಷ್ಟೇ ವಿಷಯ.

2023ರ ಪಟ್ಟಿ

ಬಿಟ್ಟದ್ದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಓದುಗನ ಕಣ್ಣಿಗೆ ಒಂದು ಅಕ್ಷರವಾಗಿ ಕಾಣುವ ಗುಂಪನ್ನು ಹೇಗೆ ಗುರುತಿಸಬೇಕು ಎಂದು ಯೂನಿಕೋಡ್ ಒಂದು ನಿಯಮಾವಳಿ ಕೊಡುತ್ತದೆ. ಅದರಲ್ಲಿ ಗುಣಿತದ ಚಿಹ್ನೆ ತನ್ನ ವ್ಯಂಜನದ ಜೊತೆ ಸೇರುತ್ತಿತ್ತು, ಒತ್ತಕ್ಷರ ಸೇರುತ್ತಿರಲಿಲ್ಲ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಹಲಂತದ ಮೂಲಕ ಸೇರಿದ ವ್ಯಂಜನಗಳನ್ನೂ ಒಂದೇ ಗುಂಪೆಂದು ಎಣಿಸುವ ಹೊಸ ನಿಯಮ ಬಂತು. ಅದು ಅನ್ವಯವಾದದ್ದು ಆರು ಲಿಪಿಗಳಿಗೆ. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ನಮ್ಮ ಲಿಪಿಯ ಒಡಹುಟ್ಟಿದ ತೆಲುಗು ಅಲ್ಲಿತ್ತು. ಕನ್ನಡ ಇರಲಿಲ್ಲ. ಆ ಪಟ್ಟಿಯ ಪ್ರಕಾರ ಎಣಿಸಿದರೆ "ಲಕ್ಷ್ಮಿ"ಯ "ಕ್ಷ್ಮಿ" ಕ್, ಷ್, ಮಿ ಎಂದು ಮೂರಾಗಿಯೇ ಉಳಿಯುತ್ತದೆ.

ಇದನ್ನು ಓದಿ ಯಾರನ್ನೋ ಬೈಯಲು ಹೊರಡಬೇಡಿ. ಇಂಥ ನಿಯಮಗಳು ಬೀದಿಯ ಘೋಷಣೆಯಿಂದ ಬದಲಾಗುವುದಿಲ್ಲ. "ಇಂಥ ಪದ ಕೊಟ್ಟೆ, ಇಂಥ ಉತ್ತರ ಬಂತು, ಬರಬೇಕಾದದ್ದು ಇದು" ಎಂದು ಮೂರು ಸಾಲಿನಲ್ಲಿ ಬರೆಯಬಲ್ಲವರಿಂದ ಬದಲಾಗುತ್ತವೆ. ದಿನವಿಡೀ ಆಫೀಸಿನಲ್ಲಿ ನಾವು ಬರೆಯುವುದು ಇಂಥ ಬಗ್ ರಿಪೋರ್ಟುಗಳನ್ನೇ ತಾನೇ?

ಕಾಗುಣಿತ ಬಲ್ಲವನ ಕೆಲಸ

ಹಾಗಾದರೆ ಪರಿಹಾರ ಕಷ್ಟವೇ? ಇಲ್ಲ ಎಂಬುದೇ ನನ್ನ ಇಡೀ ಪತ್ರದ ತಿರುಳು. ಕೋಡ್ ಇಲ್ಲಿ ಹಾಕುತ್ತಿಲ್ಲ, ಅದು ನಿಮಗೆ ಬೇಕಾಗಿಯೂ ಇಲ್ಲ. ಮಾತಿನಲ್ಲೇ ಹೇಳುತ್ತೇನೆ.

ಅಕ್ಷರ ಬಿಡಿಸುವುದು: ಒಂದು ವ್ಯಂಜನ. ಅದರ ಹಿಂದೆ "ಹಲಂತ ಮತ್ತು ವ್ಯಂಜನ" ಎಂಬ ಜೋಡಿ ಎಷ್ಟು ಸಲ ಬಂದರೂ ಸರಿ. ಆಮೇಲೆ ಇದ್ದರೆ ಒಂದು ಗುಣಿತದ ಚಿಹ್ನೆ ಅಥವಾ ಹಲಂತ. ಕೊನೆಗೆ ಇದ್ದರೆ ಅನುಸ್ವಾರ ಅಥವಾ ವಿಸರ್ಗ. ಇಲ್ಲವೇ ಒಂದು ಸ್ವರ, ಅದರ ಹಿಂದೆ ಇದ್ದರೆ ಅನುಸ್ವಾರ ಅಥವಾ ವಿಸರ್ಗ. ಇದನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಮಾಡಿದರೆ ಒಂದೇ ಸಾಲು. ದಿನಬಳಕೆಯ ಕನ್ನಡಕ್ಕೆ ಇಷ್ಟು ಸಾಕು. ಮೊದಲು ನಾರ್ಮಲೈಸ್, ಆಮೇಲೆ ಈ ಸಾಲಿನಿಂದ ಪದವನ್ನು ಅಕ್ಷರಗಳ ಲಿಸ್ಟ್ ಮಾಡಿಕೊಳ್ಳಿ. ಇನ್ನು ಎಣಿಸುವುದು, ಕತ್ತರಿಸುವುದು, ತಿರುಗಿಸುವುದು ಎಲ್ಲವನ್ನೂ ಆ ಲಿಸ್ಟಿನ ಮೇಲೆ ಮಾಡಿ. ಲಕ್ಷ್ಮೀದೇವಮ್ಮ 5 ಆಗುತ್ತಾರೆ, ವಿಕಟಕವಿ ವಿಕಟಕವಿಯೇ ಆಗುತ್ತಾನೆ.

ಅಕಾರಾದಿ: ಬೀದಿಯಲ್ಲಿ ಹಕಾರದ ಪಕ್ಕದ ಮನೆ ಖಾಲಿ ಇದೆ. ಜೋಡಿಸುವಾಗ ಮಾತ್ರ ಪ್ರತಿ ಳಕಾರವನ್ನೂ ಆ ಖಾಲಿ ಮನೆಯಲ್ಲಿ ಕೂರಿಸಿ ಹೋಲಿಸು ಎಂದು ಸಾರ್ಟೆಡ್ ಫಂಕ್ಷನ್ನಿನ ಕೀ ಎಂಬಲ್ಲಿ ಹೇಳಿ. ಮೂಲ ಪದ ಬದಲಾಗುವುದಿಲ್ಲ, ಕ್ರಮ ಮಾತ್ರ ಸರಿಯಾಗುತ್ತದೆ. ಅದೂ ಒಂದೇ ಸಾಲು. ಕಾವೇರಿ ಮುಂದೆ, ಕಾಳಪ್ಪ ಹಿಂದೆ.

ಪದ ಹಿಡಿಯುವುದು: ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬಿಟ್ಟು ಕನ್ನಡದ ಬೀದಿಯ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಎಂದು ನೇರವಾಗಿ ಬರೆಯಿರಿ. ಜೊತೆಗೆ "ಸಾಫ್ಟ್‌ವೇರ್" ಎಂಬಂಥ ಪದಗಳ ನಡುವೆ ಒತ್ತು ಬೀಳದಂತೆ ತಡೆಯಲು ಹಾಕುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದು ಕನ್ನಡದ ಬೀದಿಯ ಹೊರಗಿದೆ, ಅದನ್ನೂ ಸೇರಿಸಿ. ಇಲ್ಲದಿದ್ದರೆ ಸಾಫ್ಟು ಒಂದು ಕಡೆ, ವೇರು ಇನ್ನೊಂದು ಕಡೆ.

ಫೈಲು: ತೆರೆಯುವಾಗಲೂ ಬರೆಯುವಾಗಲೂ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ. ಸಿಎಸ್‌ವಿ ಮಾಡಿ ವಿಂಡೋಸಿನ ಎಕ್ಸೆಲ್ಲಿನಲ್ಲಿ ತೆರೆಯುವವರಿಗೆ ಕೊಡುವುದಾದರೆ ಯುಟಿಎಫ್-8-ಸಿಗ್ ಎಂದು ಕೊಡಿ. ಅಷ್ಟು ಮಾಡದಿದ್ದರೆ ಡಬಲ್ ಕ್ಲಿಕ್ ಮಾಡಿದವರಿಗೆ ಕಾಣುವುದು ಕನ್ನಡವಲ್ಲ, ಕಾಗೆ ಕಾಲು ಗುಬ್ಬಿ ಕಾಲು.

ಈಗ ನೋಡಿ, ಮೇಲಿನ ಮೊದಲ ನಿಯಮ ಏನು? ನಮ್ಮ ಒಂದನೇ ತರಗತಿಯ ಕಾಗುಣಿತ ಮತ್ತು ಒತ್ತಕ್ಷರ. ಬೇರೆ ಏನೂ ಅಲ್ಲ. ಇದನ್ನು ಬರೆಯಲು ಕಂಪ್ಯೂಟರ್ ಸೈನ್ಸಿನ ಡಾಕ್ಟರೇಟ್ ಬೇಡ. ಕಾಗುಣಿತ ಗೊತ್ತಿರಬೇಕು, ಸ್ವಲ್ಪ ಪೈಥಾನ್ ಗೊತ್ತಿರಬೇಕು. ನನ್ನ ಸಹೋದ್ಯೋಗಿಗೆ ನನಗಿಂತ ಚೆನ್ನಾಗಿ ಪೈಥಾನ್ ಗೊತ್ತು, ಕಾಗುಣಿತ ಗೊತ್ತಿಲ್ಲ. ಊರಿನ ನಮ್ಮ ಮೇಷ್ಟ್ರಿಗೆ ಕಾಗುಣಿತ ಗೊತ್ತು, ಪೈಥಾನ್ ಗೊತ್ತಿಲ್ಲ. ಎರಡೂ ಗೊತ್ತಿರುವವರು ಈ ಪತ್ರ ಓದುತ್ತಿರುವ ನೀವು. ಹೊಗಳಿಕೆಗೆ ಹೇಳುತ್ತಿಲ್ಲ, ಹೊಣೆ ನೆನಪಿಸುತ್ತಿದ್ದೇನೆ.

ಎರಡು ತಕರಾರುಗಳು

"ನಮ್ಮ ಆಫೀಸಿನಲ್ಲಿ ಕನ್ನಡ ಡೇಟಾ ಎಲ್ಲಿ ಬರುತ್ತದೆ?" ಎಂದು ಕೇಳುವಿರಿ. ನಿಮ್ಮ ಆಫೀಸಿಗೆ ಬರದಿರಬಹುದು. ಆದರೆ ಭೂಮಿ ಯೋಜನೆಯಲ್ಲಿ 2000ದ ಸುಮಾರಿಗೆ ಕರ್ನಾಟಕದ ಪಹಣಿಗಳು ಕಂಪ್ಯೂಟರಿಗೆ ಬಂದವು, ಬಂದದ್ದು ಕನ್ನಡದಲ್ಲಿ. ನಿಮ್ಮ ಅಜ್ಜನ ಹೆಸರು, ನಿಮ್ಮ ಹೊಲದ ಹೆಸರು ಕನ್ನಡ ಡೇಟಾ ಆಗಿ ಇಪ್ಪತ್ತೈದು ವರ್ಷ ದಾಟಿತು. ರಾಜ್ಯೋತ್ಸವದ ಚೀಟಿಯಲ್ಲಿ ಮ ಒತ್ತು ಬಿಟ್ಟರೆ ಪೆನ್ನಿನಿಂದ ಬರೆದುಕೊಳ್ಳಬಹುದು. ಎಲ್ಲ ಕಡೆಯೂ ಪೆನ್ನು ನಡೆಯುವುದಿಲ್ಲ. ಜೊತೆಗೆ, ನಮ್ಮ ಹುಡುಗರು ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಬರೆಯುವ ಸಾವಿರಾರು ಸಣ್ಣ ಸ್ಕ್ರಿಪ್ಟುಗಳಿಗೆ ಮಾದರಿ ಎಲ್ಲಿಂದ ಬರುತ್ತದೆ? ನಾವು ಬರೆದು ಹಂಚಿದ ಸಣ್ಣ ತುಣುಕುಗಳಿಂದಲೇ.

ಎರಡನೆಯ ತಕರಾರು ಹೊಸದು. "ಈಗ ಸ್ಕ್ರಿಪ್ಟ್ ಬರೆಯುವವರು ಯಾರು ಸ್ವಾಮಿ? ಎಐಗೆ ಹೇಳಿದರೆ ಕ್ಷಣದಲ್ಲಿ ಬರೆದುಕೊಡುತ್ತದೆ." ನಿಜ, ನಾನೂ ಬಳಸುತ್ತೇನೆ. ಒಂದು ಪದವನ್ನು ತಿರುಗಿಸುವ ಫಂಕ್ಷನ್ ಬರೆದುಕೊಡು ಎಂದು ಒಂದಕ್ಕೆ ಹೇಳಿದೆ. ಅದೇ ಹಳೆಯ ಎರಡು ಕೋಲನ್, ಮೈನಸ್ ಒಂದು. "ವಿಕಟಕವಿ" ಹಾಕಿ ನೋಡು ಎಂದಮೇಲೆ ಕ್ಷಮಿಸಿ ಎಂದು ಸರಿಯಾದದ್ದನ್ನು ಬರೆಯಿತು. ಅಂದರೆ ಉತ್ತರ ಬರೆಯುವ ಕೆಲಸ ಅಗ್ಗವಾಗಿದೆ. ಸರಿಯಾದ ಪದ ಹಾಕಿ ಪರೀಕ್ಷಿಸುವ ಕೆಲಸ ಅಗ್ಗವಾಗಿಲ್ಲ, ಅದಕ್ಕೆ ಇನ್ನಷ್ಟು ಬೆಲೆ ಬಂದಿದೆ. ವಿಕಟಕವಿ ಗೊತ್ತಿಲ್ಲದವನಿಗೆ ತಪ್ಪು ಕಾಣುವುದೇ ಇಲ್ಲವಲ್ಲ!

ಜಪಾನಿನಿಂದ ಒಂದು ಮಾತು

ರೂಬಿ ಭಾಷೆಯನ್ನು ಯುಕಿಹಿರೊ ಮತ್ಸುಮೊತೊ ಅವರು ಜಪಾನಿನಲ್ಲಿ 1995ರಲ್ಲಿ ಹೊರತಂದರು. ಆರಂಭದ ವರ್ಷಗಳಲ್ಲಿ ಅದರ ವಿವರಣೆ, ಚರ್ಚೆ ಬಹುಪಾಲು ಜಪಾನಿ ಭಾಷೆಯಲ್ಲೇ ಇತ್ತು. ರೂಬಿ ಬಗ್ಗೆ ಮೊದಲ ಇಂಗ್ಲಿಷ್ ಪುಸ್ತಕ ಬಂದದ್ದು 2000ದಲ್ಲಿ. ಹೊರಗಿನವರು ಹುಡುಕಿಕೊಂಡು ಬಂದು ಕಲಿತರು. ಅಕ್ಷರ ಕೆಟ್ಟು ಕಾಣುವುದಕ್ಕೆ ಇಂಗ್ಲಿಷಿನವರೂ ಇಂದು ಬಳಸುವ ಮೊಜಿಬಾಕೆ ಎಂಬ ಪದ ಜಪಾನಿನದು. ತಮ್ಮ ಅಕ್ಷರದ ತೊಂದರೆಯನ್ನು ಅವರು ಎಷ್ಟು ಗಂಭೀರವಾಗಿ ತೆಗೆದುಕೊಂಡರು ಎಂದರೆ ಅದಕ್ಕೊಂದು ಹೆಸರನ್ನೇ ಜಗತ್ತಿಗೆ ಕೊಟ್ಟರು.

ನಾವು ಹೊಸ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿಸಬೇಕಾಗಿಲ್ಲ. ನಮ್ಮಲ್ಲೂ ದಾರಿ ತೋರಿದವರು ಇದ್ದಾರೆ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು ಅವರು ಬರಹ ತಂತ್ರಾಂಶ ಕೊಟ್ಟರು. ನಮ್ಮಲ್ಲಿ ಎಷ್ಟು ಜನ ಕಂಪ್ಯೂಟರಿನಲ್ಲಿ ಮೊದಲ ಕನ್ನಡ ಪತ್ರ ಬರೆದದ್ದು ಅದರಲ್ಲೇ ಅಲ್ಲವೇ? ಅವರ ಕೆಲಸ ಬೆಟ್ಟ. ನಾನು ಕೇಳುತ್ತಿರುವುದು ಒಂದು ಹಿಡಿ ಮಣ್ಣು.

ಏನು ಮಾಡಬಹುದು?

ಒಂದು. ಏಳು ಪದಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳಿ. ಕರ್ನಾಟಕ, ವಿಕಟಕವಿ, ಲಕ್ಷ್ಮೀದೇವಮ್ಮ, ಮೈಸೂರು, ಕಾವೇರಿ, ಕಾಳಪ್ಪ, ಸಾಫ್ಟ್‌ವೇರ್. ಜೊತೆಗೆ ಗೋಪಾಲನನ್ನು ಎರಡೂ ರೂಪದಲ್ಲಿ ಇಡಿ. ಪಠ್ಯವನ್ನು ಮುಟ್ಟುವ ಯಾವ ಸ್ಕ್ರಿಪ್ಟ್ ಬರೆದರೂ, ಆಫೀಸಿನದಾಗಲಿ ಮನೆಯದಾಗಲಿ, ಮೊದಲು ಇವನ್ನು ಹಾಕಿ ನೋಡಿ. ಎರಡು ನಿಮಿಷದ ಕೆಲಸ.

ಎರಡು. ತಪ್ಪಿದರೆ ಸುಮ್ಮನಿರಬೇಡಿ. ಲೈಬ್ರರಿ ಬರೆದವರಿಗೆ ಮೂರು ಸಾಲು ಬರೆಯಿರಿ. ಕೊಟ್ಟದ್ದು, ಬಂದದ್ದು, ಬರಬೇಕಾದದ್ದು. ಕೋಪ ಬೇಡ, ಭಾಷಣ ಬೇಡ.

ಮೂರು. ಕೆಲಸ ಮಾಡಿದ ತುಣುಕನ್ನು ಹಂಚಿ, ವಿವರಣೆಯನ್ನು ಕನ್ನಡದಲ್ಲಿ ಬರೆಯಿರಿ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ವಿಕಿಯ ಪುಟಗಳಲ್ಲಿ ಸಣ್ಣಪುಟ್ಟ ತಿದ್ದುಪಡಿಗಳನ್ನು ಸಾಲುಸಾಲಾಗಿ ಮಾಡಲು ಪೈವಿಕಿಬಾಟ್ ಎಂಬ ಪೈಥಾನ್ ಸಾಧನವೇ ಇದೆ. ಭಾನುವಾರ ಒಂದು ಗಂಟೆ ಇರುವವರಿಗೆ ಅಲ್ಲಿ ಕೆಲಸಕ್ಕೆ ಬರವಿಲ್ಲ.

ಆ ತಾಯಿಯ ಚೀಟಿಯನ್ನು ಅದೇ ವಾರ ಸರಿಪಡಿಸಿ ಮತ್ತೆ ಪ್ರಿಂಟ್ ಮಾಡಿ ಅವರ ಮಗನ ಮನೆಗೆ ಹೋಗಿ ಕೊಟ್ಟುಬಂದೆ. ಕನ್ನಡಕ ಹಾಕಿಕೊಂಡು ಕೊನೆಯ ಅಕ್ಷರವನ್ನು ಮೊದಲು ನೋಡಿದರು. "ಈಗ ಪೂರ್ತಿ ಆಯ್ತು" ಎಂದರು. ಊರಿಗೆ ಹೊರಡುವಾಗ ಅದನ್ನು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡರು ಎಂದು ಆಮೇಲೆ ಮಗ ಹೇಳಿದರು.

ಬನ್ನಿ, ನಾಳೆ ಬೆಳಿಗ್ಗೆ ಆಫೀಸಿನಲ್ಲಿ ಬರೆಯುವ ಮೊದಲ ಸ್ಕ್ರಿಪ್ಟಿಗೆ ಜಾನ್ ಸ್ಮಿತ್ ಬದಲು ಲಕ್ಷ್ಮೀದೇವಮ್ಮನವರನ್ನು ಕಳಿಸೋಣ. ಅವರು ಪೂರ್ತಿಯಾಗಿ ವಾಪಸ್ ಬಂದರೆ ನಿಮ್ಮ ಸ್ಕ್ರಿಪ್ಟ್ ಸರಿ ಇದೆ. ಏನಂತೀರಿ?

ನಿಮ್ಮ ಏಳು ಪದಗಳು ನನ್ನವಕ್ಕಿಂತ ಗಟ್ಟಿಯಾಗಿದ್ದರೆ ಬರೆದು ತಿಳಿಸಿ, ಪಟ್ಟಿಗೆ ಸೇರಿಸಿಕೊಳ್ಳೋಣ.

ಇಂತಿ ನಿಮ್ಮವ,
ಜರ್ಮನಿಯಿಂದ ಒಬ್ಬ ಕನ್ನಡಿಗ